ಮೊರೊಗೊರೊದಲ್ಲಿ ಒಬ್ಬ ಮಳವಳ್ಳಿಯವನು

ಮದ್ದೂರು ರೈಲು ನಿಲ್ದಾಣ

ಆಫ್ರಿಕಾಕ್ಕೆ ಹೋಗಿ ತಿಂಗಳ ಮೇಲೆ ಇದ್ದು ಬಂದರೂ ನಾನು ಸಿಂಹ ನೋಡಲಿಲ್ಲ, ಆನೆ ನೋಡಲಿಲ್ಲ, ಜಿರಾಫೆಯ ಬಾಲವನ್ನೂ ನೋಡಲಿಲ್ಲ. ಮಕ್ಕಳು ಕೇಳಿದರೆ ಮುಖ ತಪ್ಪಿಸುವ ಹಾಗಾಗಿದೆ. ನಾನು ನೋಡಿದ್ದು ಬಿಚ್ಚಿಟ್ಟ ಲಾರಿ ಎಂಜಿನ್ನುಗಳನ್ನು, ಮತ್ತು ಅವುಗಳ ನಡುವೆ ನಿಂತ ಒಬ್ಬ ದಣಿದ ಮನುಷ್ಯನನ್ನು.

ಸೈನ್ಯಕ್ಕೆ ಸೇರಿದ ಒಂದು ತರಬೇತಿ ಸಂಸ್ಥೆಯಲ್ಲಿ ನನ್ನದು ಸಮವಸ್ತ್ರವಿಲ್ಲದ ಕಚೇರಿ ಕೆಲಸ. ಮದ್ದೂರಿನಿಂದ ಬೆಂಗಳೂರಿಗೆ ದಿನಾ ಬೆಳಗಿನ ರೈಲು, ಸಂಜೆ ವಾಪಸ್ಸು. ಸ್ನೇಹದ ದೇಶಗಳ ಸೇನೆಯವರು "ನಮ್ಮವರಿಗೂ ಕಲಿಸಿಕೊಡಿ" ಎಂದಾಗ ನಮ್ಮ ಸಿವಿಲ್ ನೌಕರರಲ್ಲಿ ಯಾರನ್ನು ಕಳಿಸುವುದು, ಕಳಿಸುವ ಮುಂಚೆ ಅವರಿಗೆ ಏನೇನು ಹೇಳಿಕೊಡುವುದು, ಕಳಿಸಿದ ಮೇಲೆ ಅವರನ್ನು ಹೇಗೆ ನೋಡಿಕೊಳ್ಳುವುದು, ಇದು ನಮ್ಮ ವಿಭಾಗದ ಕೆಲಸ. ಒಪ್ಪಂದಕ್ಕೆ ಸಹಿ ಹಾಕಿದವರ ಫೋಟೊ ಪೇಪರಿನಲ್ಲಿ ಬರುತ್ತದೆ. ಆ ಒಪ್ಪಂದದ ಪ್ರಕಾರ ಹೊರಟು ನಿಂತ ಮೆಕ್ಯಾನಿಕ್ಕನನ್ನು ಹಳದಿ ಜ್ವರದ ಸೂಜಿ ಹಾಕಿಸಲು ಕರೆದುಕೊಂಡು ಹೋಗುವವರು ನಾವು. ಹೊರಡುವವರಿಗೆ ವಿದೇಶದ ರೀತಿನೀತಿಗಳ ಬಗ್ಗೆ ಪಾಠವನ್ನೂ ನಾನೇ ಮಾಡುತ್ತಿದ್ದೆ. ಆಗ ನನ್ನ ಪಾಸ್‌ಪೋರ್ಟು ಖಾಲಿ ಇತ್ತು ಎಂಬುದು ಬೇರೆ ಮಾತು.

ಟಾಂಜಾನಿಯಾದ ಸೈನಿಕರಿಗೆ ಲಾರಿ ರಿಪೇರಿ ಕಲಿಸಲು ನಾವು ಕಳಿಸಿದ್ದ ನಯಾಜ್ ಎಂಬ ಬೋಧಕ ಮಳವಳ್ಳಿಯವನು. ಗ್ಯಾರೇಜಿನ ಮನೆತನ. ಅವನ ಅವಧಿ ಮುಗಿದು, ಒಂದು ಸಲ ವಿಸ್ತರಣೆಯೂ ಆಗಿ, ಅದೂ ಮುಗಿಯುತ್ತ ಬಂದಿತ್ತು. ಅವನು ವಾಪಸ್ಸು ಬರುತ್ತೇನೆ ಅನ್ನುತ್ತಿದ್ದ. ಇಲ್ಲಿಂದ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ನಮ್ಮ ನಿರ್ದೇಶಕರು ನನ್ನನ್ನು ಕರೆದು, "ನಿಮ್ಮ ಜಿಲ್ಲೆಯವನೇ ಅಲ್ಲವೇ ಮೇಡಂ? ಫೋನಿನಲ್ಲಿ ಕೇಳುವುದಿಲ್ಲ ಅವನು. ಹೋಗಿ ನಿಮ್ಮ ಭಾಷೆಯಲ್ಲೇ ಹೇಳಿ ಇನ್ನೊಂದು ವರ್ಷಕ್ಕೆ ಒಪ್ಪಿಸಿ. ಹುದ್ದೆ ಒಂದು ಸಲ ಕೈಬಿಟ್ಟರೆ ಮತ್ತೆ ಬರುವುದಿಲ್ಲ" ಎಂದರು.

ಹೊರಡುವ ಹಿಂದಿನ ದಿನ ನಯಾಜನ ಹೆಂಡತಿ ಶಬಾನಾ ಮಳವಳ್ಳಿಯಿಂದ ಮದ್ದೂರು ಸ್ಟೇಷನ್ನಿಗೆ ಬಂದು ನನ್ನ ಸಂಜೆಯ ರೈಲಿಗೆ ಕಾದಿದ್ದಳು. ಕೈಯಲ್ಲಿ ರಾಗಿಹಿಟ್ಟಿನ ದೊಡ್ಡ ಚೀಲ.

"ಇದ್ನ ಅವ್ರಿಗೆ ಕೊಟ್ಬುಡಿ ಮೇಡಂ. ಬರೋವಾಗ ಅವ್ರನ್ನೇ ಕರ್ಕಬತ್ತೀರಲ್ಲ, ಇನ್ನೇನ್ ಕೇಳನ."

ಬರುವಾಗ ನಾನೊಬ್ಬಳೇ ಬರುವುದು ಎಂದು ಹೇಳಲು ಬಾಯಿ ತೆರೆದೆ. ಹಿಂದಿನಿಂದ ಜನ ನೂಕಿದರು. ಚೀಲ ತೆಗೆದುಕೊಂಡೆ.

ದಾರ್ ಎಸ್ ಸಲಾಮ್

ಎರಡು ವಿಮಾನ ಬದಲಿಸಿ ಇಳಿಯುವ ಹೊತ್ತಿಗೆ ಕಾಲು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ತಪಾಸಣೆಯ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿ ರಾಗಿಯ ಚೀಲವನ್ನು ಎತ್ತಿ ಹಿಡಿದ. ಕಂದು ಬಣ್ಣದ ಹಿಟ್ಟು, ಅದೂ ಅಷ್ಟೊಂದು. ಆಹಾರ ಎಂದೆ, ಬಾಯಿಗೆ ಕೈ ಒಯ್ದು ತೋರಿಸಿದೆ. ಅವನು ಚಿಟಿಕೆ ಹಿಟ್ಟು ಮೂಸಿದವನೇ ಮುಖ ಅರಳಿಸಿ, "ಉಲೇಜಿ!" ಎಂದು ಪಕ್ಕದವನನ್ನು ಕೂಗಿದ. ಇಬ್ಬರೂ ನಕ್ಕರು. ಅವರಲ್ಲೂ ರಾಗಿ ಇದೆ, ಅದನ್ನು ಉಲೇಜಿ ಅನ್ನುತ್ತಾರೆ, ಗಂಜಿ ಕಾಯಿಸಿ ಕೂಸುಗಳಿಗೆ ಕುಡಿಸುತ್ತಾರೆ.

"ಮಗು ಎಲ್ಲಿ?" ಎಂದ ಅವನು ಇಂಗ್ಲಿಷಿನಲ್ಲಿ.

"ಮೊರೊಗೊರೊದಲ್ಲಿದೆ" ಎಂದೆ. "ದೊಡ್ಡ ಮಗು. ಮೀಸೆ ಇದೆ."

ಆ ದೇಶದಲ್ಲಿ ನನ್ನ ಮೊದಲ ಮಾತುಕತೆಯೇ ಹೀಗೆ ನಗೆಯಾಯಿತು. ಆದರೆ ಮೊರೊಗೊರೊದ ರೈಲು ಹತ್ತಿದ ಮೇಲೆ ನಗು ಬರಲಿಲ್ಲ. ಹೊಸ ಕರೆಂಟು ರೈಲು, ನೀರು ಕುಲುಕದಷ್ಟು ನಯವಾಗಿ ಓಡುತ್ತದೆ. ಸೀಟಿಗೆ ಜಗಳವಿಲ್ಲ, ಇಸ್ಪೀಟಿನವರಿಲ್ಲ, ಡಬ್ಬಿ ತೆರೆದು "ತಗಳಿ ಅಕ್ಕ, ಚಿತ್ರಾನ್ನ" ಅನ್ನುವವರೂ ಇಲ್ಲ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಗದ್ದಲದ ಬೋಗಿಯಲ್ಲಿ ನಿಂತುಕೊಂಡೇ ನಿದ್ದೆ ಮಾಡಿದ ನನಗೆ ಆ ಮೌನದಲ್ಲಿ ಕಣ್ಣು ಮುಚ್ಚಲಿಲ್ಲ. ಶಬಾನಾಳಿಗೆ ಹೇಳದೆ ಬಂದ ಮಾತೇ ನೆನಪಾಗುತ್ತಿತ್ತು.

ಮೊರೊಗೊರೊ, ಮೊದಲ ದಿನ

ಮೊರೊಗೊರೊ ಬೆಟ್ಟದ ಬುಡದ ಊರು. ತಳ್ಳುಗಾಡಿಯಲ್ಲಿ ಕಬ್ಬು ಮಾರುತ್ತಾರೆ, ಆದರೆ ಸಿಪ್ಪೆ ಹೆರೆದು, ಬೆರಳುದ್ದ ಕತ್ತರಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ. ಮಂಡ್ಯದವರಿಗೆ ಇದಕ್ಕಿಂತ ಅವಮಾನ ಬೇಕೆ? ಜಲ್ಲೆ ಹಿಡಿದು ಹಲ್ಲಲ್ಲಿ ಸೀಳದೆ ತಿಂದದ್ದು ಕಬ್ಬೇ ಅಲ್ಲ. ತಿಂದೆ, ಸಿಹಿಯಾಗಿಯೇ ಇತ್ತು.

ಮರುದಿನ ತರಗತಿ "ಸಾ ಎಂಬಿಲಿ"ಗೆ ಎಂದು ಸೇನಾ ಶಾಲೆಯ ಚಾಲಕ ಹೇಳಿ ಹೋದ. ಸಾ ಎಂದರೆ ಗಂಟೆ, ಎಂಬಿಲಿ ಎಂದರೆ ಎರಡು ಎಂದು ನಾನೇ ಪಾಠ ಮಾಡಿದ್ದೆನಲ್ಲ! ನಿಧಾನವಾಗಿ ಎದ್ದು, ಸ್ನಾನ ಮಾಡಿ, ಬಟ್ಟೆ ಒಗೆದು, ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಶಾಲೆಯ ಬಾಗಿಲಲ್ಲಿ ಇಳಿದೆ. ಅಲ್ಲಿಯವರು ಹೊತ್ತನ್ನು ಸೂರ್ಯ ಹುಟ್ಟಿದಾಗಿನಿಂದ ಎಣಿಸುತ್ತಾರೆ. ಅವರ ಎರಡು ಎಂದರೆ ನಮ್ಮ ಬೆಳಗಿನ ಎಂಟು. ಶಾಲೆಯ ಮುಖ್ಯಸ್ಥರಾದ ಮೇಜರ್, ಅಷ್ಟೂ ಸೈನಿಕರು, ನಯಾಜ್, ಎಲ್ಲರೂ ಬೆಳಗಿನಿಂದ ನನಗಾಗಿ ಕಾದಿದ್ದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ನಮ್ಮೂರಲ್ಲಾದರೆ ಯಾರಾದರೂ "ಈಗ್ ಬೆಳಗಾಯ್ತಾ?" ಎಂದು ಅಲ್ಲೇ ತೀರಿಸಿಬಿಡುತ್ತಿದ್ದರು.

ನನ್ನ ಬಿಳಿಕೂದಲು ನೋಡಿ ಹುಡುಗರು ಒಬ್ಬೊಬ್ಬರೇ "ಶಿಕಾಮೂ" ಎಂದು ತಲೆಬಾಗಿಸಿದರು. ನಾನೂ "ಶಿಕಾಮೂ" ಎಂದೆ. ಸಾಲಿನುದ್ದಕ್ಕೂ ನಗೆ ತಡೆದ ಸದ್ದು. ನಯಾಜ್ ಪಕ್ಕಕ್ಕೆ ಬಂದು ಪಿಸುಗುಟ್ಟಿದ: "ಅದು ನಮ್ ಕಡೆ ದೊಡ್ಡೋರ್ಗೆ ಅಡ್ಡಬಿದ್ದೆ ಅಂತಾರಲ್ಲ, ಅಂಗೆ ಮೇಡಂ. ನೀವು ಐಕ್ಳಿಗೆ ಅಡ್ಡಬೀಳ್ತಾ ಇದ್ದೀರಿ. ಮರಹಾಬಾ ಅನ್ನಿ, ಸಾಕು."

ಅವನನ್ನು ಆಗ ಸರಿಯಾಗಿ ನೋಡಿದೆ. ಕಳಿಸುವಾಗ ತುಂಬಿಕೊಂಡಿದ್ದ ಕೆನ್ನೆ ಇಳಿದಿತ್ತು. ಕಾಯಿಲೆ ಏನಲ್ಲ. ಬಹಳ ಹೊತ್ತು ನಿಂತೇ ಇರುವವನ ಮುಖ ಅದು.

ಅವನ ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು, ಹೆಸರು ನೇಮಾ. ಶಾಲೆಯ ಸಿವಿಲ್ ನೌಕರಿ, ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವವಳು. ನಯಾಜ್ ಇಂಗ್ಲಿಷು ಹಿಂದಿ ಕಲಸಿ ಹೇಳಿದ್ದನ್ನು ಸ್ವಾಹಿಲಿಯಲ್ಲಿ ಸೈನಿಕರಿಗೆ ತಿಳಿಸುವುದೂ ಅವಳ ಪಾಲಿಗೆ ಬಂದಿತ್ತು. ಪಾಠ ಶುರುವಾಯಿತು. ಒಬ್ಬ ಸೈನಿಕ ಬೋಲ್ಟು ಬಿಚ್ಚುವ ಸ್ಪ್ಯಾನರನ್ನು ತಪ್ಪಾಗಿ ಹಿಡಿದು ತಿರುಗಿಸತೊಡಗಿದ. ನೇಮಾ ಸೊಂಟದ ಮೇಲೆ ಕೈಯಿಟ್ಟು ಗದರಿದಳು:

"ಲೇ, ಅಂಗಲ್ಲ ಕಣ್ಲಾ! ಬುಡು ಅತ್ಲಾಗೆ!"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಮುದ್ರ ದಾಟಿ ಬಂದು ಅಪ್ಪಟ ಮಳವಳ್ಳಿ ಸಂತೆಯ ಕನ್ನಡ! ಸೈನಿಕರು ಅದನ್ನು ಲಾರಿ ರಿಪೇರಿಯ ಪಾರಿಭಾಷಿಕ ಪದ ಎಂದುಕೊಂಡಿದ್ದರಂತೆ. ನಯಾಜ್ ನಾಚಿ ನೆಲ ನೋಡಿದ. "ನಾನ್ ಕಲಿಸ್ಲಿಲ್ಲ ಮೇಡಂ. ಬೋಲ್ಟು ಜಾರ್ದಾಗ ನನ್ ಬಾಯಲ್ಲಿ ಬರೋದು, ಅವಳೇ ಕಲ್ತ್ಕಂಡವ್ಳೆ."

ನಯಾಜನ ಕೋಣೆ

ಭಾನುವಾರ ಅವನ ಕೋಣೆಯಲ್ಲಿ ಊಟ. ನೇಮಾ ದಂಟಿನ ಸೊಪ್ಪಿನ ಪಲ್ಯ ಮಾಡಿಕೊಂಡು ಬಂದಿದ್ದಳು. ಅಲ್ಲಿ ಊಟಕ್ಕೆ ಮೊದಲು ಹೂಜಿಯಿಂದ ಬೆಚ್ಚಗಿನ ನೀರನ್ನು ಕೈಮೇಲೆ ಹೊಯ್ಯುತ್ತಾರೆ. ನಾನು ಬಗ್ಗಿ ಕೈ ಒಡ್ಡಿದಾಗ ಅವಳು "ಪೋಲೆ ನಾ ಕಾಜಿ" ಎಂದಳು. ಕೆಲಸ ಮಾಡುತ್ತಿರುವವರನ್ನು, ಮಾಡಿ ಬಂದವರನ್ನು ಕಂಡರೆ ಅಲ್ಲಿ ಹೀಗೆ ಅನ್ನಬೇಕು. "ದುಡೀತಾ ಇದ್ದೀರಲ್ಲ, ಪಾಪ" ಎಂಬ ಅರ್ಥ. ದಾರಿಯಲ್ಲಿ ಗುಂಡಿ ತೋಡುವವನಿಗೂ ಅನ್ನುತ್ತಾರೆ, ಮೇಜರ್‌ಗೂ ಅನ್ನುತ್ತಾರೆ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಯಾರೂ ಹಾಗೆ ಅಂದಿರಲಿಲ್ಲ. ನಮ್ಮ ಕಡೆ ಕೇಳುವುದು "ಇನ್ನೂ ಮುಗ್ದಿಲ್ವಾ?" ಎಂದೇ. ನೀರು ಹೊಯ್ದದ್ದು ಮುಗಿದರೂ ನಾನು ಸ್ವಲ್ಪ ಹೊತ್ತು ಕೈ ಹಾಗೇ ಹಿಡಿದಿದ್ದೆ.

ನಯಾಜ್ ಶಬಾನಾ ಕಳಿಸಿದ ಹಿಟ್ಟಿನಲ್ಲಿ ಮುದ್ದೆ ತೊಳಸಿದ. ನೇಮಾ ತುತ್ತು ಮುರಿದು ಅಗಿಯತೊಡಗಿದಳು. "ಅಗೀಬ್ಯಾಡ, ನುಂಗು" ಎಂದೆವು ಇಬ್ಬರೂ ಒಟ್ಟಿಗೆ. ಅವರ ಉಗಾಲಿಯೂ ಮುದ್ದೆಯೇ, ಮೆಕ್ಕೆಜೋಳದ್ದು, ಬೆಳ್ಳಗೆ. ಆದರೆ ಅದನ್ನು ಅವರು ನಾಜೂಕಾಗಿ ಬೆರಳಲ್ಲಿ ಉರುಳಿಸಿ ಅಗಿಯುತ್ತಾರೆ.

ನೇಮಾ ಹೋದ ಮೇಲೆ ನಾನು ಬಂದ ಕೆಲಸಕ್ಕೆ ಕೈಹಾಕಿದೆ. ಕಿಟಕಿಯಾಚೆ ಕೆರೆಯ ಏರಿಯ ಮರದಲ್ಲಿ ಹಳದಿ ಕೊಕ್ಕಿನ ದೊಡ್ಡ ಬಿಳಿ ಹಕ್ಕಿಗಳು ಕೂತಿದ್ದವು. "ಕೊಕ್ಕರೆ ಬೆಳ್ಳೂರಿನವ್ವೇ ರಜ ಆಕ್ ಬಂದವೆ ಅನ್ಕಂತೀನಿ" ಎಂದ ನಯಾಜ್. "ಅವಕ್ಕಾದ್ರೂ ಸಿಕ್ತು."

"ಯಾಕೆ ಹೋಗಬೇಕು ಅಂತೀಯ ಹೇಳಪ್ಪ. ಮನೆಯಲ್ಲಿ ಏನಾದರೂ ತೊಂದರೆಯಾ?"

"ಇಲ್ಲ ಮೇಡಂ. ಎಲ್ಲ ಚೆನ್ನಾಗವ್ರೆ."

"ನಿನಗೆ ಮೈಗೆ ಹುಷಾರಿಲ್ಲವಾ? ಇಲ್ಲಿ ಯಾರಾದರೂ ಏನಾದರೂ ಅಂದರಾ?"

"ಚಿನ್ನದಂತಾ ಜನ."

"ಮತ್ತೆ?"

ಅವನು ತಟ್ಟೆಯಲ್ಲಿ ಅಂಟಿದ ಮುದ್ದೆಯನ್ನು ಉಗುರಿನಿಂದ ಎಬ್ಬಿಸುತ್ತ ಕೂತ. "ಸಾಕಾಗೈತೆ. ಅಷ್ಟೇ. ಬೆಳಿಗ್ಗೆ ಎದ್ದಾಗ್ಲಿಂದ ಪ್ರತಿ ಮಾತ್ನೂ ತಲೇಲಿ ತಿರುಗ್ಸಿ ಆಮೇಲೆ ಬಾಯಿ ಬುಡ್ಬೇಕು. ನಗಾಡಕ್ಕೂ ತರ್ಜುಮೆ. ಸಂಜೆ ಒತ್ಗೆ ನನ್ ಅತ್ರ ನನ್ ಮಾತೇ ಇರಾಕಿಲ್ಲ. ಇದ್ನ ಏನಂತ ಬರ್ಕೊಡ್ಲಿ ನಿಮ್ಗೆ?"

ಬರೆಯಲು ಆಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬದಲಿಗೆ ಯಾರೂ ಇಲ್ಲದಾಗ ವಿಸ್ತರಣೆ ಬೇಡವೆನ್ನಲು ಕಾರಣ ಬರೆದುಕೊಡಬೇಕು, ಆ ನಿಯಮದಲ್ಲಿ ಕಾಯಿಲೆಗೆ ಜಾಗವಿದೆ, ಸಾವಿಗೆ ಇದೆ, ಮಗಳ ಮದುವೆಗೆ ಇದೆ. ದಣಿವಿಗೆ ಇಲ್ಲ. ಬೇರೆಯವರು ಹೇಳಿಕೊಡುವ ಉಪಾಯವನ್ನು ನಾನೂ ಹೇಳಿದೆ: "ತಾಯಿಗೆ ಹುಷಾರಿಲ್ಲ ಅಂತ ಬರೆದುಬಿಡು."

"ಕಲ್ಲಿನಂಗೆ ಅವ್ಳೆ ನಮ್ಮಮ್ಮ. ನನ್ ರಜಕ್ಕೋಸ್ಕರ ಅವ್ಳನ್ನ ಆಸ್ಪತ್ರೆಗೆ ಆಕ್ಲಾ? ಬುಡಿ ಮೇಡಂ."

ಆಮೇಲೆ ನಿರ್ದೇಶಕರ ಮಾತು ನೆನೆದು, ಒಂದು ವರ್ಷ ಎಂದರೆ ಎಷ್ಟು, ಕಣ್ಣು ಮುಚ್ಚಿ ಬಿಡುವುದರೊಳಗೆ ಕಳೆಯುತ್ತದೆ, ದೇಶದ ಮಾನ ಇದೆ, ಎಂದೆಲ್ಲ ನಾನು ಹೇಳಿದ್ದು ನಿಜ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ರೈಲು ನಿಲ್ದಾಣದ ಮೈಕಿನ ಹಾಗೆ ಕೇಳಿಸಿತು. ಅವನು ತಲೆ ಆಡಿಸುತ್ತ ಕೇಳಿದ. ಒಪ್ಪಲೂ ಇಲ್ಲ, ಬೈಯಲೂ ಇಲ್ಲ.

ಮಾವಿನ ಮರದ ಕೆಳಗೆ

ಆ ವಾರವಿಡೀ ತರಗತಿಯಲ್ಲಿ ಕೂತು ನೋಡಿದೆ. ನಯಾಜ್ ತುಟಿ ಅಲುಗಾಡಿಸುತ್ತ ಒಳಗೊಳಗೇ ತರ್ಜುಮೆ ಮಾಡಿಕೊಂಡು ಒಂದು ಮಾತು ಹೇಳಿದರೆ ನೇಮಾ ನಾಲ್ಕು ಹೇಳುತ್ತಿದ್ದಳು. ಅವನು ಬಾಯಿ ತೆರೆಯುವ ಮುಂಚೆಯೇ ಹೇಳಿ ಮುಗಿಸಿದ್ದೂ ಇತ್ತು. ಹಾಗಿದ್ದ ಮೇಲೆ ನಮ್ಮ ದೇಶದಿಂದ ಬೋಧಕ ಏಕೆ ಎಂದು ನನಗೆ ಅನಿಸತೊಡಗಿತು. ಕಲಿಸಿಕೊಡುವುದು ಎಂದರೆ ಒಂದು ದಿನ ಬಿಟ್ಟು ಬರುವುದೂ ಹೌದಲ್ಲವೇ?

ಇನ್ನು ನೇಮಾಳೇ ಕಲಿಸಲಿ ಎಂದು ಮೇಜರ್‌ಗೆ ಹೇಳಿದೆ. ಅವರು ಮನೆ, ಮಕ್ಕಳು, ಆರೋಗ್ಯ, ನಿದ್ದೆ ಎಲ್ಲದರ ಸಮಾಚಾರ ಕೇಳಿ ಮುಗಿಸಿದ ಮೇಲೆ ವಿಷಯಕ್ಕೆ ಬಂದರು. ಅಲ್ಲಿ ಯಾವ ಕೆಲಸವೂ ಅದಿಲ್ಲದೆ ಶುರುವಾಗುವುದಿಲ್ಲ. "ನೇಮಾ ಬುದ್ಧಿವಂತೆ. ಆದರೆ ಸಮವಸ್ತ್ರವಿಲ್ಲ, ಅದರ ಮೇಲೆ ಹೆಂಗಸು. ನನ್ನ ಸೈನಿಕರು ನಯಾಜ್ ಇದ್ದಾನೆ ಎಂದು ಅವಳ ಮಾತು ಕೇಳುತ್ತಾರೆ. ಅವನಿಲ್ಲದಿದ್ದರೆ?"

"ಒಂದು ದಿನ ಅವನಿಲ್ಲದೆ ನೋಡೋಣ" ಎಂದೆ.

ಮರುದಿನ ಮೇಜರ್ ಹಿಂದಿನ ಬೆಂಚಿನಲ್ಲಿ ಕೂತರು. ಕೆಟ್ಟು ನಿಂತ ಒಂದು ಲಾರಿಯನ್ನು ನೇಮಾಳ ಮುಂದೆ ತಂದು ನಿಲ್ಲಿಸಿದರು. ನಯಾಜ್ ಬಾಗಿಲಲ್ಲಿ ನಿಂತು ಒಂದೇ ಸಮನೆ ಕೈ ಹಿಸುಕಿಕೊಳ್ಳುತ್ತಿದ್ದ. ಅವನು ಇದ್ದರೆ ನಡುವೆ ಬಾಯಿ ಹಾಕುತ್ತಾನೆ ಎಂದು ನಾನು ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಅಂಗಳದ ಮಾವಿನ ಮರದ ಕಟ್ಟೆಯ ಮೇಲೆ ಕೂತೆವು.

ಒಳಗಿನಿಂದ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಬ್ಬ ಸೈನಿಕ ಏನೋ ಅಂದ, ನಾಲ್ಕೈದು ಜನ ನಕ್ಕರು. ಅದು ಒಳ್ಳೆಯ ನಗೆಯಾಗಿರಲಿಲ್ಲ.

ನಯಾಜ್ ಎದ್ದ. "ಅವ್ನು ಬಾಳ ಅಂಕಾರದವ್ನು. ಓಯ್ತೀನಿ ತಡೀರಿ."

"ಕೂತ್ಕೊ."

"ಅಳಿಸ್ಬುಡ್ತಾರೆ ಅವ್ಳನ್ನ."

"ಕೂತ್ಕಳಪ್ಪ ಅಂದೆ!"

ಒಳಗೆ ನೇಮಾಳ ದನಿ ಕೇಳಿತು. ಏರಿಸದ ದನಿ. ಸ್ವಾಹಿಲಿಯಲ್ಲಿ ಏನೆಂದಳೋ ಗೊತ್ತಾಗಲಿಲ್ಲ, ನಗೆ ನಿಂತಿತು. ಆಮೇಲೆ ಬಹಳ ಹೊತ್ತು ಕಬ್ಬಿಣದ ಸದ್ದು. ನಡುವೆ ಒಂದು ಸಲ "ಅಂಗಲ್ಲ ಕಣ್ಲಾ!" ಹೊರಗೆ ಹಾರಿ ಬಂತು. ಕೊನೆಗೆ ಎಂಜಿನ್ನು ಕೆಮ್ಮಿತು, ಆರಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಕಿಟಕಿಯಿಂದ ಹೊಗೆ ಬಂತು. ಚಪ್ಪಾಳೆ ಕೇಳಿತು. ಹಿಂದಿನ ಬೆಂಚಿನಿಂದ ಮೇಜರ್ ಎದ್ದು ನಿಂತದ್ದು ಕಾಣಿಸಿತು.

ನಯಾಜನ ಮುಖ ಒಂದು ಕ್ಷಣ ಅರಳಿತು. ಆಮೇಲೆ ನನ್ನ ಕಣ್ಣೆದುರೇ ಬಾಡಿತು.

"ನಾನಿಲ್ದಿದ್ರೂ ನಡೀತದೆ" ಎಂದ. ಆಮೇಲೆ ನನ್ನ ಕಡೆ ನೋಡದೆ, "ಅಕ್ಕ" ಎಂದ. ಅಲ್ಲಿಯವರೆಗೂ ಮೇಡಂ ಅನ್ನುತ್ತಿದ್ದವನು. "ಇನ್ನೊಂದ್ ವರ್ಸ ಇದ್ಬುಡ್ಲಾ? ಗೇರ್ ಬಾಕ್ಸು ಅವ್ಳಿಗೆ ಇನ್ನೂ ವಸಿ ಕಲೀಬೇಕು. ನೀವು ಅಷ್ಟ್ ದೂರದಿಂದ ಬಂದಿದ್ದೀರಿ. ನಿಮ್ಗೂ ಮೇಲ್ನೋರು ಬೈತಾರೆ."

ನಾನು ಬಂದ ಕೆಲಸ ಅಲ್ಲಿಗೆ ಮುಗಿದಿತ್ತು. ನಾನು ಏನೂ ಮಾಡಬೇಕಿರಲಿಲ್ಲ. "ಆಯ್ತಪ್ಪ" ಎಂದರೆ ಸಾಕು, ಮಾರನೆಯ ದಿನವೇ ಗಂಟು ಕಟ್ಟಬಹುದಿತ್ತು. ನಿರ್ದೇಶಕರು ಬೆನ್ನು ತಟ್ಟುತ್ತಿದ್ದರು. ಬಾಯಿಯವರೆಗೂ ಬಂದಿತ್ತು ಆ ಮಾತು. ಅವನ ಕೈ ನೋಡಿದೆ. ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು, ಬಸ್ಸು ಜೋರಾಗಿ ತಿರುಗುವಾಗ ಹಿಡಿಯುತ್ತೇವಲ್ಲ, ಹಾಗೆ.

"ಬ್ಯಾಡ ನಯಾಜ್" ಎಂದೆ. "ಊರ್ಗೆ ಓಗು. ನಿನ್ ಕ್ಯಾಮೆ ಮುಗೀತು. ಚೆನ್ನಾಗೇ ಮುಗೀತು."

ಅವನು ಅತ್ತ. ಗಂಡಸು ಎದುರಿಗೆ ಅತ್ತರೆ ಏನು ಮಾಡಬೇಕೆಂದು ನಾನು ಮಾಡುವ ಪಾಠದಲ್ಲಿ ಇಲ್ಲ. ಪಕ್ಕದಲ್ಲಿ ಕೂತಿದ್ದೆ.

ಫೋನು, ಮತ್ತು ಉಳಿದ ದಿನಗಳು

ನಿರ್ದೇಶಕರು ಫೋನಿನಲ್ಲಿ ಸಿಟ್ಟಾಗಲಿಲ್ಲ, ತಣ್ಣಗಾದರು. "ನಿಮ್ಮನ್ನು ಕಳಿಸಿದ್ದು ಅವನನ್ನು ಒಪ್ಪಿಸಲು. ನೀವೇ ಒಪ್ಪಿಕೊಂಡು ಬರಲು ಅಲ್ಲ."

"ಸರ್, ಇಲ್ಲಿ ಕಲಿತವರು ಇದ್ದಾರೆ. ಅವಳಿಗೆ ನಮ್ಮಲ್ಲಿ ಬೋಧಕರ ತರಬೇತಿ ಕೊಟ್ಟರೆ ಸಾಕು. ಮೇಜರ್ ಕೂಡ ಅದನ್ನೇ ಕೇಳುತ್ತಿದ್ದಾರೆ."

"ಹುದ್ದೆ ಹೋಯಿತು, ಗೊತ್ತಾಯಿತೇ?"

"ಗೊತ್ತಾಯಿತು ಸರ್."

"ಹಾಗಾದರೆ ಎಲ್ಲ ಅವಳಿಗೆ ಒಪ್ಪಿಸಿ ಮುಗಿಯುವ ತನಕ ನೀವೇ ಅಲ್ಲಿರಿ."

ಎರಡು ವಾರಕ್ಕೆಂದು ಹೋದವಳು ತಿಂಗಳಾದರೂ ಅಲ್ಲೇ ಉಳಿದೆ. ತಂದ ಸೀರೆಗಳು ಬಣ್ಣ ಬಿಟ್ಟವು. ಬೆಟ್ಟ ಹತ್ತಲಿಲ್ಲ, ಕಾಡಿಗೆ ಹೋಗಲಿಲ್ಲ. ಭಾನುವಾರಗಳಲ್ಲಿ ಮಲಗಿ ನಿದ್ದೆ ಮಾಡಿದೆ. ನಯಾಜ್ ಗೇರ್ ಬಾಕ್ಸಿನ ಪಾಠ ಮಾಡಿ ಮುಗಿಸಿದ. ನಕ್ಕಿದ್ದ ಸೈನಿಕನೇ ಕೊನೆಯ ದಿನ ನೇಮಾಳ ಸಲಕರಣೆಯ ಪೆಟ್ಟಿಗೆ ಹೊತ್ತು ನಡೆಯುತ್ತಿದ್ದುದನ್ನು ಕಂಡೆ. ಅಂದು ಆ ನಗೆಯನ್ನು ಹೇಗೆ ನಿಲ್ಲಿಸಿದೆ ಎಂದು ಅವಳನ್ನು ಕೇಳಿದೆ. "ನಗು ಮುಗಿದ ಮೇಲೆ ಶುರು ಮಾಡೋಣ, ನನಗೆ ಆತುರವಿಲ್ಲ ಎಂದೆ" ಅಂದಳು. ಬೀಳ್ಕೊಡುವಾಗ ಅವಳು ನಯಾಜನಿಗೆ ಕನ್ನಡದಲ್ಲೇ "ಓಗ್ಬುಟ್ಟು ಬಾ" ಎಂದಳು. ನಾವಿಬ್ಬರೂ ಆ ಮಾತನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ, ಅವನು ಮನೆಗೆ ಫೋನು ಮಾಡುವಾಗ ಕೇಳಿ ಕಲಿತಿರಬೇಕು.

ನಾನು ಮರಳಿದ ಮೇಲೆ ನನ್ನನ್ನು ವಿದೇಶದ ವಿಭಾಗದಿಂದ ತೆಗೆದು ಉಗ್ರಾಣದ ಲೆಕ್ಕಕ್ಕೆ ಹಾಕಿದರು. ನೇಮಾ ತರಬೇತಿಗೆ ಬರುವುದು ಖಾತ್ರಿಯಾಗಿದೆ. ಬಂದಾಗ ಅವಳನ್ನು ನೋಡಿಕೊಳ್ಳುವವರು ಬೇರೆಯವರು.

ಮದ್ದೂರು ಬಸ್ ನಿಲ್ದಾಣ

ಮರಳುವಾಗ ವಿಮಾನದಲ್ಲಿ ನಯಾಜ್ ಊಟಕ್ಕೂ ಏಳದೆ ಮಲಗಿದ್ದ. ಬೆಂಗಳೂರಿನಿಂದ ಕಾರಿನಲ್ಲಿ ನಿಡಘಟ್ಟ ದಾಟಿ, ಹೊಸ ರಸ್ತೆ ಬಿಟ್ಟು ಹಳೆಯ ರಸ್ತೆಗೆ ಇಳಿದಾಗ ಎದ್ದು ಕೂತ. ಶಿವಪುರ ಬಂತು. ಕಿಟಕಿ ಇಳಿಸಿದ.

ಬಸ್ ನಿಲ್ದಾಣದಲ್ಲಿ ಮಳವಳ್ಳಿ ಬಸ್ಸು ಹೊರಡಲು ನಿಂತಿತ್ತು. ನಾನು ಅವನ ಪೆಟ್ಟಿಗೆ ಇಳಿಸಿಕೊಟ್ಟೆ. ಕಂಡಕ್ಟರು ಬಾಗಿಲಿಗೆ ಬಡಿದು ಕೂಗಿದ: "ಅತ್ತೋದಾದ್ರೆ ಅತ್ತಣ್ಣ, ಕಂಬದಂಗೆ ನಿಂತ್ಕಂಡ್ರೆ ಬಸ್ಸು ಕಾಯಾಕಿಲ್ಲ!"

ಬಾಗಿಲ ಬಳಿ ಒಂದು ಮುದುಕಿ, "ಯಾಕ್ಲಾ ಅಂಗ್ ಬಡ್ಕೊತೀಯ, ನಿಮ್ಮಪ್ಪನ್ ಮನೆ ಬಸ್ಸಾ?" ಎಂದಳು. ಅವನು ತಿರುಗಿ ಏನೋ ಅಂದ. ಒಳಗಿದ್ದವರು ಇಬ್ಬರು ಮುದುಕಿಯ ಪರ ಸೇರಿಕೊಂಡರು, ಒಬ್ಬ ಕಂಡಕ್ಟರನ ಪರ. ಯಾರೂ ಯಾರಿಗೂ ಕಾಯದೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

ನಯಾಜ್ ಹತ್ತಲಿಲ್ಲ. ಬಸ್ಸು ಹೊರಟೇಹೋಯಿತು.

"ಯಾಕಪ್ಪ?" ಎಂದೆ.

"ಇನ್ನೊಂದ್ ಬತ್ತದೆ ಬುಡಕ್ಕ" ಎಂದು ಪೆಟ್ಟಿಗೆಯ ಮೇಲೆ ಕೂತ. "ಮನೇಲಿ ಸಂಜಿಕೆ ಬತ್ತೀನಿ ಅಂದಿದ್ದೀನಿ. ವಸಿ ಒತ್ತು ಕೂತ್ಕಂಡು ಇವ್ರು ಮಾತಾಡೋದ್ನ ಕೇಳಿಸ್ಕತೀನಿ."

ನನ್ನ ಮನೆ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಆದರೂ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆ. ಮುಂದಿನ ಬಸ್ಸಿಗೆ ಜನ ಸೇರುತ್ತಿದ್ದರು. ಯಾರೋ ಯಾರಿಗೋ ಕರ್ಚೀಫು ಹಾಕಿ ಸೀಟು ಹಿಡಿಯಲು ಕೂಗಿ ಹೇಳುತ್ತಿದ್ದರು. ನಯಾಜ್ ಕಣ್ಣು ಮುಚ್ಚಿ ಕೇಳುತ್ತಿದ್ದ. ಅವನ ತುಟಿ ಅಲುಗಾಡಲಿಲ್ಲ.